ಬೀಜದ ಟಗರು: ಕುರಿಗಾರರ ಪ್ರಶ್ನೆ, ಪಶುವೈದ್ಯರ ಉತ್ತರ

ಮುಂಗಾರು ಬಂತೆಂದರೆ ಕುರಿಗಳಿಗೆ ಗಬ್ಬ ನಿಲ್ಲಿಸಲು ಟಗರು ಬಿಡುವ ಕಾಲ. ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತಳಿ ಆಯ್ಕೆ, ಮಿಶ್ರತಳಿ ಮತ್ತು ಬೀಜದ ಟಗರಿನ ಬಗ್ಗೆಯೇ ಇದ್ದವು. ಒಂದೇ ವಿಷಯ ಕೇಳಿದವರನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ನಮ್ಮಲ್ಲಿ 60 ಕುರಿ ಅದಾವ್ರಿ. ಅರ್ಧ ಕೆಂಗುರಿ, ಅರ್ಧ ಬಳ್ಳಾರಿ ಕುರಿ. ಮಾಂಸಕ್ಕೆ ಮಾರೋದೇ ನಮ್ಮ ಉದ್ದೇಶ. ನೆಲ್ಲೂರು ಟಗರು ತರ್ರಿ ಅಂತಾರ ಕೆಲವರು, ಬಂಡೂರು ತರ್ರಿ ಅಂತಾರ ಇನ್ನು ಕೆಲವರು. ಯಾವುದು ತರಬೇಕ್ರಿ?
— ಲಿಂಗಸುಗೂರು ತಾಲ್ಲೂಕಿನ ಓದುಗರು

ಎರಡನ್ನೂ ತರಬೇಡಿ. ಕೆಂಗುರಿ ಟಗರು ನಿಮ್ಮ ಸುತ್ತಮುತ್ತಲೇ ಸಿಗುತ್ತದೆ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಭಾಗ ಆ ತಳಿಯ ತವರು. ಒಳ್ಳೆಯ ಬೀಜ ಸಿಗುವ ಜಾಗದಲ್ಲೇ ಕೂತು ಹೊರಗಿನದಕ್ಕೆ ದುಡ್ಡು ಸುರಿಯುವುದು ಏಕೆ?

ತಳಿಗಳ ವ್ಯತ್ಯಾಸ ಹೀಗಿದೆ. ಕೆಂಗುರಿಯದು ಕಂದುಗೆಂಪು ಮೈ, ಉಣ್ಣೆಗಿಂತ ಕೂದಲೇ ಹೆಚ್ಚು. ಟಗರಿಗೆ ಕೊಂಬಿರುತ್ತದೆ, ಹೆಣ್ಣುಕುರಿಗೆ ಇರುವುದಿಲ್ಲ. ಹೊಟ್ಟೆತುಂಬ ಮೇದ ಟಗರು 45ರಿಂದ 50 ಕೆ.ಜಿ. ತೂಗುತ್ತದೆ. ಬಳ್ಳಾರಿ ಕುರಿ ಬಿಳಿ, ಕಪ್ಪು, ಎರಡೂ ಬೆರೆತ ಬಣ್ಣಗಳಲ್ಲಿ ಬರುತ್ತದೆ. ಉಣ್ಣೆ ಒರಟು, ಕಂಬಳಿಗೆ ಆಗುತ್ತದೆ. ಟಗರು 35ರಿಂದ 40, ಕುರಿ 27ರಿಂದ 30 ಕೆ.ಜಿ. ಬರಗಾಲದ ಮೇವಿನಲ್ಲೂ ಮರಿ ಸಾಕುವ ಗುಣ ಇದರ ದೊಡ್ಡ ಆಸ್ತಿ. ಬಂಡೂರು ಗಿಡ್ಡ ಕಾಲಿನ, ಹಿಂಗಾಲು ತುಂಬಿಕೊಂಡ ಕುರಿ. ಅದರ ಮಾಂಸದ ರುಚಿಗೆ ಸಾಟಿಯಿಲ್ಲ ನಿಜ, ಆದರೆ ಅದು ಚಿಕ್ಕ ಮೈಯ ತಳಿ. ಬಂಡೂರು ಟಗರು ಬಿಟ್ಟರೆ ಮರಿಯ ತೂಕ ಏರುವ ಬದಲು ಇಳಿಯುತ್ತದೆ. ರುಚಿಗೆ ಹೆಚ್ಚು ಬೆಲೆ ಕೊಡುವ ಗಿರಾಕಿ ನಿಮ್ಮ ಸಂತೆಯಲ್ಲಿದ್ದರೆ ಮಾತ್ರ ಆ ಲೆಕ್ಕ ಹಾಕಿ. ನೆಲ್ಲೂರು ಕುರಿ ಉದ್ದ ಕಾಲಿನದು, ಎತ್ತರದ್ದು, ಕೂದಲ ಮೈಯದು. ದೂರ ನಡೆಯಲು ಅಡ್ಡಿಯಿಲ್ಲ. ಆದರೆ ಎತ್ತರ ನೋಡಿ ಮರುಳಾಗಬೇಡಿ, ಮಾಂಸ ಇರುವುದು ಬೆನ್ನು, ಸೊಂಟ, ತೊಡೆಯಲ್ಲಿ.

ನಿಮ್ಮ ಬಳ್ಳಾರಿ ಕುರಿಗಳಿಗೆ ಕೆಂಗುರಿ ಟಗರು ಬಿಟ್ಟರೆ ಮರಿಯ ತೂಕ ಏರುತ್ತದೆ, ಮೇವಿನ ಪದ್ಧತಿ ಬದಲಿಸಬೇಕಿಲ್ಲ. ಕೆಂಗುರಿಗಳಿಗೆ ಕೆಂಗುರಿಯನ್ನೇ ಬಿಟ್ಟು ಆ ಹಿಂಡನ್ನು ಶುದ್ಧವಾಗಿ ಉಳಿಸಿಕೊಳ್ಳಿ. ಮುಂದೆ ಹೆಣ್ಣುಮರಿ ಬೇಕಾದಾಗ ಅದೇ ನಿಮ್ಮ ಬಂಡವಾಳ.

ಸಂತೆಯಲ್ಲಿ ಟಗರು ಕೊಳ್ಳುವಾಗ ಏನೇನು ನೋಡಬೇಕು? ದಲ್ಲಾಳಿಗಳು ಕೊಂಬು, ಎತ್ತರ ತೋರಿಸಿ ಮಾರುತ್ತಾರೆ.
— ಕುಷ್ಟಗಿ, ಸಿರುಗುಪ್ಪ ಮತ್ತು ಮಾನ್ವಿಯ ಓದುಗರು

ಸಾಧ್ಯವಾದರೆ ಸಂತೆಯಲ್ಲಿ ಕೊಳ್ಳಬೇಡಿ. ಮರಿ ಹುಟ್ಟಿದ ಹಟ್ಟಿಗೇ ಹೋಗಿ. ಅಲ್ಲಿ ತಾಯಿ ಕಾಣುತ್ತದೆ, ಅದರ ಕೆಚ್ಚಲು ಕಾಣುತ್ತದೆ, ಒಡಹುಟ್ಟಿದ ಮರಿಗಳು ಕಾಣುತ್ತವೆ. ಸಂತೆಯಲ್ಲಿ ಕಾಣುವುದು ಹಗ್ಗ ಹಿಡಿದವನ ಮಾತು ಮಾತ್ರ.

ಮೊದಲು ಬಾಯಿ. ಬೀಜಕ್ಕೆ ಎರಡು ಹಲ್ಲಿನದು ಅಥವಾ ನಾಲ್ಕು ಹಲ್ಲಿನದು ಸರಿ, ಅಂದರೆ ಸುಮಾರು ಒಂದೂವರೆಯಿಂದ ಎರಡು ವರ್ಷದ್ದು. ಬಾಯಿಗೂಡಿದ, ಅಂದರೆ ಎಂಟೂ ಹಲ್ಲು ಬಂದ ಟಗರು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೆಲಸ ಮಾಡುವ ವರ್ಷಗಳು ಕಡಿಮೆ. ಕೆಳದವಡೆಯ ಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. ಗಿಣಿಮೂತಿಯಂತೆ ಮೇಲ್ದವಡೆ ಮುಂದೆ ಬಂದಿದ್ದರೆ ಬಿಡಿ, ಅದು ಮರಿಗಳಿಗೂ ಇಳಿಯುತ್ತದೆ. ರೆಪ್ಪೆ ಒಳಕ್ಕೆ ಮಡಚಿ ಕಣ್ಣಲ್ಲಿ ನೀರು ಸೋರುವ ದೋಷವೂ ವಂಶದಲ್ಲಿ ಬರುವಂಥದ್ದೇ. ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಇಳಿಸಿ ನೋಡಿ. ಕೆಂಪಾಗಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ತುಂಬಿರುವ ಸಾಧ್ಯತೆ ಹೆಚ್ಚು.

ಆಮೇಲೆ ವೃಷಣ. ಇದನ್ನು ನೋಡಿದರೆ ಸಾಲದು, ಮುಟ್ಟಬೇಕು. ಟಗರನ್ನು ನಿಲ್ಲಿಸಿ ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಒತ್ತುತ್ತ ಬನ್ನಿ. ಎರಡೂ ಒಂದೇ ಗಾತ್ರ ಇರಬೇಕು, ಬಿಗಿಯಾಗಿರಬೇಕು, ಚೀಲದೊಳಗೆ ಸಲೀಸಾಗಿ ಜಾರಬೇಕು. ತೀರ ಮೆತ್ತಗಿದ್ದರೆ ವೀರ್ಯ ಕಡಿಮೆ. ಕೆಳತುದಿಯಲ್ಲಿ ಒಂದು ಸಣ್ಣ ಉಬ್ಬು ಸಹಜವಾಗಿ ಇರುತ್ತದೆ. ಆ ಉಬ್ಬು ಒಂದು ಕಡೆ ಮಾತ್ರ ದೊಡ್ಡದಾಗಿ ಗಟ್ಟಿಯಾಗಿದ್ದರೆ ಸೋಂಕಿನ ಗುರುತು, ಬ್ರುಸೆಲ್ಲಾ ರೋಗ ಇದ್ದರೂ ಇರಬಹುದು. ಒಂದೇ ವೃಷಣ ಇಳಿದ ಟಗರನ್ನು ಯಾವ ಬೆಲೆಗೂ ತರಬೇಡಿ. ದರ್ಜಿಯ ಟೇಪಿನಿಂದ ಅತಿ ಅಗಲವಾದ ಕಡೆ ಸುತ್ತಳತೆ ತೆಗೆಯಿರಿ. ನಮ್ಮ ನಾಟಿ ತಳಿಯ ಬೆಳೆದ ಟಗರಿಗೆ 28 ಸೆಂ.ಮೀ.ಗಿಂತ ಕಡಿಮೆ ಇರಬಾರದು.

ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡಿ. ಹಿಂಗಾಲು ಕುಂಟುವ ಟಗರು ಕುರಿಯ ಮೇಲೆ ಏರಲಾರದು. ಎರೆಭೂಮಿಯಲ್ಲಿ ಮಳೆಗಾಲಕ್ಕೆ ಗೊರಸು ಕೊಳೆಯುವ ಕಾಟ ಬೇರೆ ಇದೆ.

ತೂಕವನ್ನು ಹಾಗೇ ಹೋಲಿಸಬೇಡಿ. ವಯಸ್ಸು ಬೇರೆ ಬೇರೆ ಇದ್ದಾಗ 90 ದಿನಕ್ಕೆ ಸರಿಹೊಂದಿಸಬೇಕು. ಹುಟ್ಟಿದಾಗ 3 ಕೆ.ಜಿ. ಇದ್ದ ಮರಿ 100ನೇ ದಿನಕ್ಕೆ 16 ಕೆ.ಜಿ. ತೂಗಿತು ಎನ್ನಿ. ಏರಿದ್ದು 13 ಕೆ.ಜಿ., ದಿನಕ್ಕೆ 130 ಗ್ರಾಂ. ಅದನ್ನು 90ರಿಂದ ಗುಣಿಸಿದರೆ 11.7, ಹುಟ್ಟುತೂಕ ಸೇರಿಸಿದರೆ 14.7 ಕೆ.ಜಿ. ಇನ್ನೊಂದು ಮರಿ 80ನೇ ದಿನಕ್ಕೆ 15 ಕೆ.ಜಿ. ಇದ್ದು, ಹುಟ್ಟಿದಾಗ ಅದೂ 3 ಕೆ.ಜಿ. ಇದ್ದರೆ ಲೆಕ್ಕ 16.5 ಕೆ.ಜಿ.ಗೆ ಬರುತ್ತದೆ. ಕಣ್ಣಿಗೆ ಸಣ್ಣದಾಗಿ ಕಂಡ ಎರಡನೆಯದೇ ಮೇಲು. ಅವಳಿಯಾಗಿ ಹುಟ್ಟಿದ ಮರಿ ಒಂಟಿ ಮರಿಗಿಂತ ತುಸು ಹಿಂದಿದ್ದರೆ ಅದನ್ನು ತಳ್ಳಿಹಾಕಬೇಡಿ. ಅದು ತಾಯಿಯ ಹಾಲನ್ನು ಹಂಚಿಕೊಂಡು ಬೆಳೆದದ್ದು.

ತಂದ ಮೇಲೆ ಕನಿಷ್ಠ 21 ದಿನ ಹಿಂಡಿನಿಂದ ದೂರ ಕಟ್ಟಿ. ಪಶು ಆಸ್ಪತ್ರೆಯಲ್ಲಿ ಬ್ರುಸೆಲ್ಲಾಗೆ ರಕ್ತ ಪರೀಕ್ಷೆ ಮಾಡಿಸಿ. ಈ ರೋಗದಿಂದ ಕುರಿ ಕಂದು ಹಾಕುತ್ತದೆ, ಅಂದರೆ ಗಬ್ಬ ಇಳಿಯುತ್ತದೆ. ಕಂದನ್ನು ಬರಿಗೈಯಲ್ಲಿ ಎತ್ತಿದವರಿಗೂ ತಗಲುತ್ತದೆ. ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್), ಕರುಳುಬೇನೆ, ಕುರಿಸಿಡುಬಿನ ಲಸಿಕೆ ಆಗಿದೆಯೇ ಎಂದು ಮಾರುವವರನ್ನು ಕೇಳಿ. ಖಾತ್ರಿ ಇಲ್ಲದಿದ್ದರೆ ಈ 21 ದಿನಗಳಲ್ಲೇ ಹಾಕಿಸಿಬಿಡಿ.

ಡಾರ್ಪರ್ ಮಿಶ್ರತಳಿ ಟಗರು ಮಾರಾಟಕ್ಕಿದೆ. ‘ಅರ್ಧ ಡಾರ್ಪರ್’ ಅಂತಾರೆ. ಬೆಲೆ ನಮ್ಮ ಟಗರಿನ ಹಲವು ಪಟ್ಟು. ಕೆಂಗುರಿಗೆ ಬಿಟ್ಟರೆ ಮರಿ ಬೇಗ ತೂಕಕ್ಕೆ ಬರುತ್ತವೆಯೇ?
— ಸಿಂಧನೂರಿನ ಓದುಗರು

ಡಾರ್ಪರ್ ದಕ್ಷಿಣ ಆಫ್ರಿಕಾದಲ್ಲಿ 1930ರ ದಶಕದಲ್ಲಿ ಡಾರ್ಸೆಟ್ ಹಾರ್ನ್ ಮತ್ತು ಬ್ಲ್ಯಾಕ್‌ಹೆಡ್ ಪರ್ಷಿಯನ್ ಕುರಿಗಳನ್ನು ಕೂಡಿಸಿ ಮಾಡಿದ ತಳಿ. ಮಾಂಸದ ಮೈಕಟ್ಟು, ಬೇಗ ಬೆಳೆಯುವ ಗುಣ ಎರಡೂ ಇವೆ. ಅದರಲ್ಲಿ ಅನುಮಾನವಿಲ್ಲ.

ಆದರೆ ನಿಮಗೆ ಮಾರುತ್ತಿರುವುದು ಡಾರ್ಪರ್ ಅಲ್ಲ, ಅರ್ಧ ಡಾರ್ಪರ್. ಆ ಟಗರಿನಿಂದ ನಿಮ್ಮ ಕೆಂಗುರಿಗೆ ಹುಟ್ಟುವ ಮರಿಯಲ್ಲಿ ಡಾರ್ಪರ್ ರಕ್ತ ಸರಾಸರಿ ಕಾಲು ಭಾಗ ಮಾತ್ರ. ಒಂದು ಮರಿ ಅಪ್ಪನ ಮೈಕಟ್ಟು ತರುತ್ತದೆ, ಇನ್ನೊಂದು ಅಜ್ಜಿಯ ಕಾಲು ತರುತ್ತದೆ. ಹಿಂಡು ಏಕರೂಪ ಬರುವುದಿಲ್ಲ. ಜೊತೆಗೆ ದೂರದ ಎರಡು ತಳಿ ಕೂಡಿದಾಗ ಮೊದಲ ತಲೆಮಾರಿನಲ್ಲಿ ಕಾಣುವ ಕಸುವು ಆ ಟಗರಿನ ಮೈಯಲ್ಲಿದೆ. ಅದು ಪೂರ್ತಿಯಾಗಿ ಮರಿಗೆ ಇಳಿಯುವಂಥದ್ದಲ್ಲ. ನೀವು ದುಡ್ಡು ಕೊಡುತ್ತಿರುವುದು ಟಗರಿನ ಮೈಗೆ, ಬೀಜಕ್ಕಲ್ಲ. ಹಲವು ಪಟ್ಟು ಬೆಲೆಯನ್ನು ನಾವಂತೂ ಕೊಡುವುದಿಲ್ಲ.

ವಂಶದ ದಾಖಲೆ ಇರುವ ಶುದ್ಧ ಟಗರೇ ಸಿಕ್ಕಿತು ಎನ್ನಿ. ಆಗಲೂ ಮೂರು ಸಂಗತಿ ಗಮನದಲ್ಲಿರಲಿ. ಒಂದು, ಮೇವು. ಬೆಳೆಯುವ ಶಕ್ತಿ ಇದ್ದ ಮಾತ್ರಕ್ಕೆ ಮರಿ ಬೆಳೆಯುವುದಿಲ್ಲ, ತಿನ್ನಲು ಸಿಗಬೇಕು. ಜೋಳದ ಕೂಳೆ ಮೇಯುತ್ತ, ಗದ್ದೆಯಿಂದ ಗದ್ದೆಗೆ ತಿರುಗುವ ಸಂಚಾರಿ ಹಿಂಡಿನಲ್ಲಿ ಈ ಮರಿಗೂ ನಾಟಿ ಮರಿಗೂ ಹೆಚ್ಚು ಅಂತರ ಕಾಣುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಶೇಂಗಾ ಹೊಟ್ಟು, ಹಸಿಮೇವು, ದಾಣಿ (ಕಾಳು-ಹಿಂಡಿಯ ಮಿಶ್ರಣ) ಕೊಡುವವರಿಗೆ ಮಾತ್ರ ಲಾಭದ ಮಾತು. ಎರಡು, ಹೆರಿಗೆ. ತಲೆ, ಭುಜ ದಪ್ಪಗಿರುವ ಮರಿ ಚಿಕ್ಕ ಕುರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚೊಚ್ಚಲ ಕುರಿಗೆ, 30 ಕೆ.ಜಿ.ಗಿಂತ ಕಡಿಮೆ ಇರುವ ಕುರಿಗೆ ಬಿಡಬೇಡಿ. ಎರಡು ಸಲ ಮರಿ ಹಾಕಿದ ದೊಡ್ಡ ಕುರಿಗಳನ್ನು ಆರಿಸಿ. ಮೂರು, ಮಾರುಕಟ್ಟೆ. ಡಾರ್ಪರ್‌ಗೆ ಸಾಮಾನ್ಯವಾಗಿ ಕೊಂಬಿಲ್ಲ. ಬಕ್ರೀದ್ ಹೊತ್ತಿಗೆ ಕೊಂಬಿನ, ಅಂದದ ಕೆಂಗುರಿ ಟಗರಿಗೆ ಸಿಗುವ ಬೆಲೆ ಬೋಳುತಲೆಯ ಮಿಶ್ರತಳಿಗೆ ಸಿಗದೆ ಹೋಗಬಹುದು. ಕಿಲೋ ಲೆಕ್ಕದಲ್ಲಿ ಕೊಳ್ಳುವ ಗಿರಾಕಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಈ ದಾರಿ ಹಿಡಿದರೆ ಮಿಶ್ರತಳಿ ಮರಿಗಳೆಲ್ಲ, ಗಂಡು ಹೆಣ್ಣು ಎರಡೂ, ಮಾಂಸಕ್ಕೇ ಹೋಗಬೇಕು. ಅವುಗಳಲ್ಲಿ ದಪ್ಪನೆಯ ಗಂಡನ್ನು ಬೀಜಕ್ಕೆ ಉಳಿಸಿಕೊಳ್ಳುವುದೇ ಎಲ್ಲರೂ ಬೀಳುವ ಗುಂಡಿ. ಮೂರನೇ ತಲೆಮಾರಿಗೆ ಇತ್ತ ಕೆಂಗುರಿಯೂ ಅಲ್ಲ, ಅತ್ತ ಡಾರ್ಪರೂ ಅಲ್ಲ ಎನ್ನುವಂಥ ಹಿಂಡು ಉಳಿಯುತ್ತದೆ. 60 ಕುರಿ ಇದ್ದರೆ 20ಕ್ಕೆ ಮಾತ್ರ ಹೊರತಳಿ ಟಗರು, ಉಳಿದ 40ಕ್ಕೆ ಕೆಂಗುರಿ. ಎರಡು ಹಿಂಡನ್ನು ಬೆದೆಕಾಲದಲ್ಲಿ ಬೇರೆ ಬೇರೆ ತರುಬಬೇಕು, ಕಿವಿಗೆ ಓಲೆ ಹಾಕಿ ಗುರುತಿಡಬೇಕು. ಇಷ್ಟು ಮಾಡಲು ಆಳು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಾರಿ ಸುವರ್ಣ ಟಗರು ತಂದು ಒಂದು ವರ್ಷವಾಯಿತು. ಒಂದು ಕುರಿಯೂ ಅವಳಿ ಹಾಕಲಿಲ್ಲ. ನಮಗೆ ಮೋಸವಾಯಿತೇ?
— ಯಲಬುರ್ಗಾದ ಓದುಗರು

ಇಷ್ಟರಿಂದಲೇ ಮೋಸ ಎನ್ನಲಾಗದು. ಎಷ್ಟು ಮರಿ ಎಂಬುದನ್ನು ನಿರ್ಧರಿಸುವುದು ತಾಯಿ ಬಿಡುವ ಅಂಡಗಳ ಸಂಖ್ಯೆ. ನಿಮ್ಮ ನಾಟಿ ಕುರಿ ಯಾವ ಟಗರಿಗೆ ಕೂಡಿದರೂ ಮೊದಲಿನಂತೆ ಒಂದೇ ಮರಿ ಹಾಕುತ್ತದೆ. ಟಗರು ಕೊಡುವುದು ಹೆಣ್ಣುಮರಿಗೆ ಅವಳಿ ಹಾಕುವ ಗುಣವನ್ನು. ಆ ಹೆಣ್ಣುಮರಿ ಬೆಳೆದು ಗಬ್ಬವಾಗಿ ಮರಿ ಹಾಕುವಾಗ ಅವಳಿ ಕಾಣಿಸುತ್ತದೆ. ಟಗರು ತಂದ ದಿನದಿಂದ ಎಣಿಸಿದರೆ ಎರಡು ವರ್ಷದ ಮಾತು.

ನಾರಿ ಸುವರ್ಣವನ್ನು ಬೆಳೆಸಿದ್ದು ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ. ಬಂಗಾಳದ ಸುಂದರಬನದ ಗ್ಯಾರೋಲ್ ಎಂಬ ಪುಟ್ಟ ಕುರಿಯಲ್ಲಿರುವ, ಒಂದಕ್ಕಿಂತ ಹೆಚ್ಚು ಮರಿ ಹಾಕಿಸುವ ಫೆಕ್-ಬಿ ಜೀನ್ ಅನ್ನು ದಖನಿ ಕುರಿಗೆ ತಂದದ್ದು ಅವರ ಕೆಲಸ. ಈ ಜೀನ್‌ನ ಎರಡು ಪ್ರತಿ ಇರುವ ಟಗರಾದರೆ ಅದರ ಎಲ್ಲ ಹೆಣ್ಣುಮರಿಗಳಿಗೂ ಒಂದೊಂದು ಪ್ರತಿ ಸಿಗುತ್ತದೆ. ಒಂದೇ ಪ್ರತಿ ಇದ್ದರೆ ಅರ್ಧ ಹೆಣ್ಣುಮರಿಗಳಿಗೆ ಮಾತ್ರ. ಹೊರನೋಟಕ್ಕೆ ಇದು ತಿಳಿಯದು, ರಕ್ತದ ಡಿಎನ್ಎ ಪರೀಕ್ಷೆಯೇ ಆಗಬೇಕು. ಕೊಳ್ಳುವಾಗ ಆ ವರದಿ ಕೇಳಿ ಪಡೆಯಬೇಕಿತ್ತು. ಈಗಲಾದರೂ ಕೇಳಿ.

ಆ ಟಗರಿನ ಹೆಣ್ಣುಮರಿಗಳಿಗೆ ಮತ್ತೆ ನಾರಿ ಸುವರ್ಣ ಟಗರು ಬಿಡಬೇಡಿ, ಒಳ್ಳೆಯ ಕೆಂಗುರಿ ಅಥವಾ ಬಳ್ಳಾರಿ ಟಗರು ಬಿಡಿ. ಎರಡು ಪ್ರತಿ ಸೇರಿದ ಕುರಿ ಮೂರು ಮರಿ ಹಾಕುವುದುಂಟು. ಹಾಲು ಸಾಲದೆ ಮರಿ ಸಾಯುತ್ತವೆ. ಅವಳಿ ಹಾಕುವ ಕುರಿಗೂ ಗಬ್ಬದ ಕೊನೆಯ ಆರು ವಾರ ದಿನಕ್ಕೆ 250ರಿಂದ 300 ಗ್ರಾಂ ದಾಣಿ ಬೇಕೇ ಬೇಕು. ಹೊಟ್ಟೆಯಲ್ಲಿ ಎರಡು ಮರಿ ಬೆಳೆಯುವಾಗ ಮೇವು ಸಾಲದಿದ್ದರೆ ಕುರಿ ಮಂಕಾಗಿ, ಮೇವು ಬಿಟ್ಟು, ಮಲಗಿದಲ್ಲೇ ಸಾಯುವ ಅಪಾಯವಿದೆ. ದಾಣಿ ಕೊಡಲಾಗದ ಸಂಚಾರಿ ಹಿಂಡಿಗೆ ಒಂದು ಗಟ್ಟಿ ಮರಿಯೇ ಲೇಸು.

ಮೊಬೈಲಿನಲ್ಲಿ ಆಂಗಸ್, ಷರೋಲೆ, ಬ್ರಾಹ್ಮನ್ ಹೋರಿಗಳನ್ನು ನೋಡಿದೆ. ನಮ್ಮ ಹಸುಗಳಿಗೆ ಅವುಗಳ ವೀರ್ಯ ಕೊಡಿಸಬಹುದೇ?
— ಗಂಗಾವತಿಯ ಓದುಗರು

ಅವೆಲ್ಲ ಗೋಮಾಂಸಕ್ಕಾಗಿಯೇ ಸಾಕುವ ತಳಿಗಳು. ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ ಹಸು, ಹೋರಿ, ಎತ್ತು, ಕರುಗಳ ವಧೆ ನಿಷಿದ್ಧ. ಇಂಥ ಕರು ಹಾಲಿಗೂ ಇಲ್ಲ, ಬೇಸಾಯಕ್ಕೂ ಇಲ್ಲ. ಆದ್ದರಿಂದ ಬೇಡ.

ಆದರೂ ಆ ತಳಿಗಳನ್ನು ಸಾಕುವವರು ಹೋರಿ ಆರಿಸುವ ಬಗೆಯಿಂದ ಕುರಿಗಾರರು ಕಲಿಯುವುದಿದೆ. ಫ್ರಾನ್ಸಿನ ಷರೋಲೆ ದೊಡ್ಡ ಮೈಯ ತಳಿ, ಕರುವೂ ದಪ್ಪ. ಹಾಗಾಗಿ ಅದನ್ನು ಚೊಚ್ಚಲ ಕಡಸಿಗೆ ಬಿಡುವುದಿಲ್ಲ. ಕಡಸಿಗೆ ಚಿಕ್ಕ ಕರು ಹುಟ್ಟಿಸುವ ಸ್ಕಾಟ್ಲೆಂಡಿನ ಆಂಗಸ್ ಹೋರಿ, ಅದರಲ್ಲೂ ಹುಟ್ಟುತೂಕ ಕಡಿಮೆ ಎಂದು ದಾಖಲೆ ಇರುವುದು. ಡಾರ್ಪರ್ ವಿಷಯದಲ್ಲಿ ಮೇಲೆ ಹೇಳಿದ್ದೂ ಇದನ್ನೇ. ಬಿಸಿಲಿನ ನಾಡಿಗೆ ಅಮೆರಿಕದವರು ಕಟ್ಟಿಕೊಂಡ ಬ್ರಾಹ್ಮನ್ ತಳಿಯ ಮೂಲ ನಮ್ಮ ಗಿರ್, ಕಾಂಕ್ರೇಜ್, ಒಂಗೋಲ್ ಮತ್ತು ಕೃಷ್ಣಾ ಕಣಿವೆ ದನಗಳು. ಟೆಕ್ಸಾಸಿನ ಸಾಂಟಾ ಗರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಐದು ಪಾಲು ಶಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್ ರಕ್ತ. ಆ ಪಾಲು ನಿಲ್ಲಿಸಲು ತಲೆಮಾರುಗಟ್ಟಲೆ ಲೆಕ್ಕ ಬರೆದಿಟ್ಟು, ಬೇಡದವನ್ನು ತೆಗೆದುಹಾಕಿದ್ದಾರೆ. ಲೆಕ್ಕದ ಪುಸ್ತಕ ಇಲ್ಲದೆ ಹೊಸ ತಳಿ ಕಟ್ಟಲಾಗದು.

ಎತ್ತುಗಳಿಗಾಗಿ ಹೋರಿ ಹುಡುಕುತ್ತಿದ್ದರೆ ಕೃಷ್ಣಾ ಕಣಿವೆ ತಳಿಯನ್ನು ಮೊದಲು ವಿಚಾರಿಸಿ. ಎರೆಭೂಮಿಯ ಭಾರದ ಉಳುಮೆಗೆ ಹೇಳಿಮಾಡಿಸಿದ ದನ, ಈಗ ಸಂಖ್ಯೆಯಲ್ಲಿ ಬಹಳ ಕಡಿಮೆಯಾಗಿದೆ.

ಜೂನ್ ಮಧ್ಯದಲ್ಲಿ ಎರಡು ಟಗರು ಬಿಟ್ಟೆವು. 50 ಕುರಿಗಳಲ್ಲಿ ಅರ್ಧಕ್ಕೂ ಗಬ್ಬ ನಿಲ್ಲಲಿಲ್ಲ. ಟಗರುಗಳು ಏರುವುದನ್ನು ಕಣ್ಣಾರೆ ನೋಡಿದ್ದೇವೆ.
— ಕಂಪ್ಲಿಯ ಓದುಗರು

ಏರುವುದಕ್ಕೂ ಗಬ್ಬ ನಿಲ್ಲುವುದಕ್ಕೂ ಸಂಬಂಧ ಕಡಿಮೆ. ನಿಮ್ಮ ಟಗರುಗಳಿಗೆ ಬಿಸಿಲು ತಾಗಿರುವ ಸಾಧ್ಯತೆಯೇ ಹೆಚ್ಚು. ವೃಷಣ ಮೈಯ ಒಳಬಿಸಿಗಿಂತ 4ರಿಂದ 5 ಡಿಗ್ರಿ ತಂಪಾಗಿರಬೇಕು. ಬಳ್ಳಾರಿ ಸೀಮೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ದಿನಗಳಲ್ಲಿ ಬಯಲಲ್ಲಿ ಮೇದ ಟಗರಿಗೆ ಅದು ಸಾಧ್ಯವಾಗದು. ವೀರ್ಯಾಣು ಹುಟ್ಟಿ, ಬಲಿತು ಹೊರಬರಲು ಸುಮಾರು 60 ದಿನ ಬೇಕು. ಹಾಗಾಗಿ ಮೇ ಕೊನೆಯಲ್ಲಿ ತಾಗಿದ ಬಿಸಿಲಿನ ಪೆಟ್ಟು ಜುಲೈ ಕೊನೆಯವರೆಗೂ ಇರುತ್ತದೆ. ಟಗರು ಆರೋಗ್ಯವಾಗಿ, ಹುರುಪಿನಿಂದ ಕಾಣುತ್ತದೆ, ಆದರೆ ಬೀಜ ಕೆಟ್ಟಿರುತ್ತದೆ. ಕಾಲುಬಾಯಿ ಬೇನೆ, ನೀಲಿನಾಲಿಗೆ ರೋಗದ ಜ್ವರ ಬಂದುಹೋದ ಟಗರಿಗೂ ಇದೇ ಆಗುತ್ತದೆ.

ಜೂನ್ 15ಕ್ಕೆ ಬಿಡುವ ಟಗರನ್ನು ಏಪ್ರಿಲ್ 15ರಿಂದಲೇ ನೆರಳಲ್ಲಿ ಕಟ್ಟಬೇಕು. ಬೇವಿನ ಮರದ ನೆರಳಾದರೂ ಸರಿ, ಬರೀ ತಗಡಿನ ಚಪ್ಪರ ಬೇಡ, ಅದರ ಮೇಲೆ ಸೋಗೆ ಹೊದಿಸಿ. ಮೇಯಲು ಬೆಳಗಿನ ಜಾವ ಮತ್ತು ಸಂಜೆ ಬಿಡಿ. ವೃಷಣದ ಮೇಲಿನ ಉಣ್ಣೆ ಕತ್ತರಿಸಿ. ಅಷ್ಟು ಆಗದಿದ್ದರೆ ಟಗರು ಬಿಡುವುದನ್ನೇ ಆಗಸ್ಟಿಗೆ ಮುಂದೂಡಿ. ಗಬ್ಬಕಾಲ ಸುಮಾರು 150 ದಿನ, ಮರಿಗಳು ಜನವರಿಗೆ ಬರುತ್ತವೆ. ಆಗ ಕಡಲೆ ಹೊಟ್ಟು, ತೊಗರಿ ಹೊಟ್ಟು, ಜೋಳದ ಕೂಳೆ ಸಿಗುವ ಹೊತ್ತು.

ಬಿಡುವ ಮೊದಲಿನ ಎರಡು ತಿಂಗಳು ಟಗರಿಗೆ ದಿನಕ್ಕೆ 300ರಿಂದ 400 ಗ್ರಾಂ ದಾಣಿ ಕೊಡಿ. ನೂರು ಕೆ.ಜಿ. ದಾಣಿಗೆ ಮೆಕ್ಕೆಜೋಳದ ನುಚ್ಚು 50, ಗೋಧಿ ಬೂಸಾ 25, ಶೇಂಗಾ ಹಿಂಡಿ 22, ಖನಿಜ ಮಿಶ್ರಣ 2, ಉಪ್ಪು 1 ಕೆ.ಜಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಬೇಡವೇ ಬೇಡ. ಹತ್ತಿಕಾಳನ್ನೂ ಬೀಜದ ಟಗರಿಗೆ ತಿಂಗಳುಗಟ್ಟಲೆ ಹಾಕಬೇಡಿ, ಅದರಲ್ಲಿರುವ ಗಾಸಿಪಾಲ್ ವೀರ್ಯವನ್ನು ಕೆಡಿಸುತ್ತದೆ. ದಾಣಿ ತಿನ್ನುವ ಗಂಡಿಗೆ ನೀರು ಕಡಿಮೆಯಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ತಿಣುಕುತ್ತ ಹನಿ ಹನಿ ಉಚ್ಚೆ ಹೊಯ್ಯುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ.

ಯಾವ ಟಗರು ಕೆಟ್ಟಿದೆ ಎಂದು ಹಿಡಿಯಲು ಒಂದು ಉಪಾಯ. ಎರಡನ್ನೂ ಒಟ್ಟಿಗೆ ಬಿಡಬೇಡಿ. 25 ಕುರಿಗೊಂದರಂತೆ ಹಿಂಡು ಒಡೆಯಿರಿ. ಕೆಮ್ಮಣ್ಣನ್ನು ಅಡುಗೆ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಟಗರಿನ ಎದೆಗೆ, ಮುಂಗಾಲುಗಳ ನಡುವೆ ಹಚ್ಚಿ. ಎರಡು ದಿನಕ್ಕೊಮ್ಮೆ ಮತ್ತೆ ಹಚ್ಚಬೇಕು. ಏರಿದ ಕುರಿಯ ಸೊಂಟದ ಮೇಲೆ ಬಣ್ಣ ಮೂಡುತ್ತದೆ. ಕೆಂಗುರಿಯ ಮೈಮೇಲೆ ಕೆಂಪು ಕಾಣುವುದಿಲ್ಲ, ಅದಕ್ಕೆ ಹಳದಿ ರಂಗಿನ ಪುಡಿ ಬಳಸಿ. ಸುಣ್ಣ ಬಳಸಬೇಡಿ, ಚರ್ಮ ಸುಡುತ್ತದೆ. ಕುರಿಯ ಬೆದೆ 17 ದಿನಕ್ಕೊಮ್ಮೆ ಬರುತ್ತದೆ. 17 ದಿನವಾದ ಮೇಲೆ ಬಣ್ಣ ಬದಲಿಸಿ. ಹೊಸ ಬಣ್ಣ ಹಳೆಯದರ ಮೇಲೇ ಮೂಡಿದ ಕುರಿಗಳು ಗಬ್ಬ ನಿಲ್ಲದವು. ಅಂಥವು ನಾಲ್ಕೈದು ಇದ್ದರೆ ಸಹಜ. ಹತ್ತು ದಾಟಿದರೆ ಟಗರು ಬದಲಿಸಿ, ಕಾಯುತ್ತ ಕೂರಬೇಡಿ.

ಒಂದು ಟಗರನ್ನು ಎಷ್ಟು ವರ್ಷ ಇಟ್ಟುಕೊಳ್ಳಬಹುದು?
— ದೇವದುರ್ಗದ ಓದುಗರು

ಒಂದೇ ಹಿಂಡಿನಲ್ಲಿ ಒಂದೂವರೆಯಿಂದ ಎರಡು ವರ್ಷ. ಆಮೇಲೆ ಅದರದ್ದೇ ಹೆಣ್ಣುಮರಿಗಳು ಬೆದೆಗೆ ಬರುತ್ತವೆ. ಅಪ್ಪ-ಮಗಳ ಕೂಡಿಕೆಯ ಮರಿಗಳು ಸಣ್ಣವಾಗುತ್ತವೆ, ಸಾವು ಹೆಚ್ಚುತ್ತದೆ. ಟಗರು ಚೆನ್ನಾಗಿದ್ದರೆ ಕಟುಕರಿಗೆ ಕೊಡಬೇಡಿ. ದೂರದ ಊರಿನ ಕುರಿಗಾರರ ಟಗರಿನೊಂದಿಗೆ ಅದಲು-ಬದಲು ಮಾಡಿಕೊಳ್ಳಿ, ಇಬ್ಬರೂ ಮೊದಲು ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಪಕ್ಕದ ಹಟ್ಟಿಯ ಟಗರು ಹಲವು ಸಲ ನಿಮ್ಮದರ ಅಣ್ಣನೋ ತಮ್ಮನೋ ಆಗಿರುತ್ತದೆ. ಬೀಜಕ್ಕೆ ಬೇಡದ ಗಂಡುಮರಿಗಳನ್ನು ನಾಲ್ಕು ತಿಂಗಳೊಳಗೆ ಬೇರೆ ಮಾಡಿ, ಇಲ್ಲವೇ ಬೀಜ ಒಡೆಸಿ. ಬೀಜದ ಟಗರು ಬದಲಿಸಿಯೂ ಹಿಂಡು ಸುಧಾರಿಸದಿರಲು ಹೆಚ್ಚಿನ ಕಡೆ ಈ ಪುಡಿ ಟಗರುಗಳೇ ಕಾರಣ.

ತಕ್ಕಡಿ ಇಲ್ಲದೆ ತೂಕ ತಿಳಿಯುವುದು ಹೇಗೆ?
— ಕನಕಗಿರಿಯ ಓದುಗರು

ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಸುತ್ತಳತೆ 80, ಉದ್ದ 70 ಇದ್ದರೆ ಸುಮಾರು 41 ಕೆ.ಜಿ. ಇದು ಅಂದಾಜು, ಒಂದೆರಡು ಕಿಲೋ ಆಚೀಚೆ ಆಗುತ್ತದೆ. ಬೆಳಿಗ್ಗೆ, ಮೇಯಲು ಬಿಡುವ ಮೊದಲು ಅಳೆಯಿರಿ. ಉಣ್ಣೆ ದಟ್ಟವಾಗಿದ್ದರೆ ಟೇಪನ್ನು ಉಣ್ಣೆ ಒತ್ತಿ ಚರ್ಮಕ್ಕೆ ತಾಗುವಂತೆ ಎಳೆಯಿರಿ. ಸುತ್ತಳತೆ 5 ಸೆಂ.ಮೀ. ಹೆಚ್ಚು ಬಂದರೂ ಲೆಕ್ಕದಲ್ಲಿ 5 ಕೆ.ಜಿ. ಏರಿಬಿಡುತ್ತದೆ. ಮಾರುವವರು ಟೇಪು ಸಡಿಲ ಬಿಟ್ಟು ಅಳೆಯುತ್ತಿದ್ದರೆ ನೀವೇ ಇಸಿದುಕೊಂಡು ಇನ್ನೊಮ್ಮೆ ಅಳೆಯಿರಿ.